ಗ್ರೀನ್ ರಿವರ್ ಬಂಕ್‌ನಲ್ಲಿ ಒಂದು ಗಂಟೆ: ನಮ್ಮ ಮೋಟಾರ್‌ಹೋಮ್ ಟ್ಯಾಂಕ್ ಎಷ್ಟು ಹಿಡಿಯುತ್ತದೆ?

ಪಂಪ್ ತಾನಾಗಿಯೇ ನಿಂತಿತು. ಮೀಟರ್‌ನಲ್ಲಿ 24.4 ಗ್ಯಾಲನ್, ಸರಿಯಾಗಿ 100 ಡಾಲರ್. ‘ಫುಲ್ ಆಯ್ತು’ ಅಂದ ತಮ್ಮ, ನಳಿಕೆ ತೆಗೆದು ಪಂಪಿಗೆ ಸಿಕ್ಕಿಸಿದ. ನಾನು ಒಳಗೆ ಹತ್ತಿ ಕೀ ತಿರುಗಿಸಿದೆ. ಮುಳ್ಳು ಅರ್ಧ ದಾಟಿ ಸ್ವಲ್ಪ ಮೇಲೆ ಬಂದು ಸುಮ್ಮನೆ ನಿಂತಿತು.

24.4 ಗ್ಯಾಲನ್ ಅಂದರೆ 92 ಲೀಟರ್. ಊರಲ್ಲಿರುವ ನನ್ನ ಸ್ವಿಫ್ಟ್‌ಗೆ ಎರಡೂವರೆ ಸಲ ಫುಲ್ ಮಾಡಿಸಬಹುದು. ಅಷ್ಟು ಕುಡಿದೂ ಅಡುಗೆಮನೆ, ಹಾಸಿಗೆ ಎಲ್ಲ ಹೊತ್ತು ಓಡುವ ಈ ಮನೆ-ಗಾಡಿಗೆ, ಅಂದರೆ ಮೋಟಾರ್‌ಹೋಮ್‌ಗೆ, ಅರ್ಧ ಹೊಟ್ಟೆ.

ನಾವು ನಿಂತಿದ್ದದ್ದು ಅಮೆರಿಕದ ಯೂಟಾ ರಾಜ್ಯದ ಗ್ರೀನ್ ರಿವರ್ ಅನ್ನುವ ಪುಟ್ಟ ಊರಿನಲ್ಲಿ. ಕಲ್ಲಂಗಡಿ, ಕರ್ಬೂಜಕ್ಕೆ ಹೆಸರಾದ ಊರು. ಅಲ್ಲಿಂದ ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ ಹೊರಟರೆ ಮುಂದಿನ ಬಂಕ್ ಇರುವುದು ಸಲೈನಾದಲ್ಲಿ, ಸುಮಾರು 110 ಮೈಲಿ ಆಚೆ. ಕಿಲೋಮೀಟರ್ ಲೆಕ್ಕದಲ್ಲಿ 175ರ ಆಸುಪಾಸು. ಬೆಂಗಳೂರು ಬಿಟ್ಟು ಹೆಚ್ಚುಕಡಿಮೆ ಹಾಸನ ಮುಟ್ಟುವವರೆಗೆ ಒಂದು ಬಂಕ್ ಇಲ್ಲ, ಟೀ ಅಂಗಡಿ ಇಲ್ಲ, ಪಂಕ್ಚರ್ ಅಂಗಡಿಯೂ ಇಲ್ಲ ಅಂದುಕೊಳ್ಳಿ. ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿಗಳಲ್ಲಿ ಏನೂ ಸಿಗದ ಇಷ್ಟು ಉದ್ದದ ದಾರಿ ಇನ್ನೊಂದಿಲ್ಲ. ಊರು ಬಿಡುವಾಗಲೇ ಬೋರ್ಡ್ ಹಾಕಿ ಎಚ್ಚರಿಸುತ್ತಾರೆ.

ಹಾಗಾಗಿ ‘ಟ್ಯಾಂಕ್ ಎಷ್ಟು ಹಿಡಿಯುತ್ತದೆ’ ಅನ್ನುವ ಪ್ರಶ್ನೆ ನಮಗೆ ಅವತ್ತು ಬರೀ ಕುತೂಹಲದ್ದಾಗಿರಲಿಲ್ಲ.

ಷಾಸಿ ಒಬ್ಬರದು, ಮನೆ ಇನ್ನೊಬ್ಬರದು

ತಮ್ಮ ಇರುವುದು ಸಾಲ್ಟ್ ಲೇಕ್ ಸಿಟಿ ಹತ್ತಿರ. ಜುಲೈನಲ್ಲಿ ಅಪ್ಪ, ಅಮ್ಮ, ನಾನು ಹೋಗಿದ್ದೆವು. ಅವನು, ಅವನ ಹೆಂಡತಿ, ಮಗ ಸೇರಿ ಆರು ಜನ. 25 ಅಡಿಯ ಕ್ಲಾಸ್ ಸಿ ಮೋಟಾರ್‌ಹೋಮ್ ಬಾಡಿಗೆಗೆ ತೆಗೆದುಕೊಂಡೆವು. ಡ್ರೈವರ್ ಸೀಟಿನ ತಲೆಯ ಮೇಲೆ ಒಂದು ಅಟ್ಟದ ಹಾಸಿಗೆ ಮುಂದಕ್ಕೆ ಚಾಚಿಕೊಂಡಿರುತ್ತದಲ್ಲ, ಆ ತರಹದ್ದು.

ಈ ಗಾಡಿಗಳು ಹುಟ್ಟುವುದು ನಮ್ಮ ಲಾರಿಗಳ ಹಾಗೆ. ಕಂಪನಿ ಮೂತಿ, ಎಂಜಿನ್, ಷಾಸಿ ಅನ್ನುವ ಅಡಿಯ ಚೌಕಟ್ಟು, ಚಕ್ರ ಕೊಡುತ್ತದೆ. ಅದರ ಮೇಲೆ ಬೇರೆಯವರು ಬಾಡಿ ಕಟ್ಟುತ್ತಾರೆ. ನಮ್ಮದರ ಷಾಸಿ ಫೋರ್ಡ್ ಇ-450, ಪೆಟ್ರೋಲ್ ಎಂಜಿನ್. ಮೇಲಿನ ಅಡುಗೆಮನೆ, ಬಚ್ಚಲು, ಹಾಸಿಗೆ ಇನ್ನೊಬ್ಬರ ಕೈಕೆಲಸ. ಬಾಡಿಗೆಗೆ ಕೊಟ್ಟವರು ಮೂರನೆಯವರು.

ನಮ್ಮ ಗೊಂದಲದ ಮೂಲವೂ ಇಲ್ಲೇ ಇತ್ತು. ಬಾಡಿಗೆಯವರು ಕೊಟ್ಟ ಹಾಳೆಯಲ್ಲಿ ನೀರಿನ ಟ್ಯಾಂಕ್ ಎಷ್ಟು, ಕೊಳಚೆ ನೀರಿನದು ಎಷ್ಟು, ಗ್ಯಾಸ್ ಎಷ್ಟು, ಎಲ್ಲ ಬರೆದಿತ್ತು. ಅವೆಲ್ಲ ಮನೆ ಕಟ್ಟಿದವರ ಲೆಕ್ಕ. ಪೆಟ್ರೋಲ್ ಟ್ಯಾಂಕ್ ಷಾಸಿಯ ಜೊತೆ ಬಂದದ್ದು, ಅದರ ಸುದ್ದಿಯೇ ಇರಲಿಲ್ಲ. ಕೌಂಟರಿನ ಹುಡುಗ ಹೇಳಿದ್ದು ಇಷ್ಟೇ: ಫುಲ್ ಇದೆ, ಫುಲ್ ಮಾಡಿ ತಂದುಕೊಡಿ. ಯಾವುದರ ಫುಲ್ ಅಂತ ನಾವೂ ಕೇಳಲಿಲ್ಲ. ಮದುವೆಮನೆಗೆ ಹೊರಟವರ ಹಾಗೆ ಸಡಗರದಲ್ಲಿದ್ದೆವು.

ಹಿಂದಿನ ರಾತ್ರಿ ಜನರೇಟರ್ ಕೈಕೊಟ್ಟಿತು

ಗ್ರೀನ್ ರಿವರ್‌ಗೆ ಬರುವ ಹಿಂದಿನ ಎರಡು ರಾತ್ರಿ ಮೊಆಬ್ ಊರಿನ ಹೊರಗೆ, ಕರೆಂಟ್ ಇಲ್ಲದ ಜಾಗದಲ್ಲಿ ತಂಗಿದ್ದೆವು. ಜುಲೈನ ಮೊಆಬ್ ಅಂದರೆ ನಮ್ಮ ರಾಯಚೂರಿನ ಮೇ ತಿಂಗಳು. ಏಸಿ ಬೇಕೇ ಬೇಕು. ಅದಕ್ಕೆ ಗಾಡಿಯಲ್ಲೇ ಕೂಡಿಸಿದ ಜನರೇಟರ್ ಓಡಬೇಕು. ಸುತ್ತ ಬೇರೆ ಟೆಂಟ್‌ಗಳಿರಲಿಲ್ಲ, ಧೈರ್ಯವಾಗಿ ಓಡಿಸಿದೆವು.

ಎರಡನೇ ರಾತ್ರಿ ಹನ್ನೊಂದರ ಹೊತ್ತಿಗೆ ಅದು ಎರಡು ಸಲ ಕೆಮ್ಮಿ ನಿಂತಿತು. ಮತ್ತೆ ಗುಂಡಿ ಒತ್ತಿದರೆ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಕೆಟ್ಟಿತು ಅಂತಲೇ ತೀರ್ಮಾನ ಮಾಡಿದೆವು. ಕಿಟಕಿ ತೆರೆದು, ಬೀಸಣಿಗೆ ಹಿಡಿದು ರಾತ್ರಿ ಕಳೆದದ್ದಾಯಿತು. ಬೆಳಿಗ್ಗೆ ಬಾಡಿಗೆಯವರಿಗೆ ಫೋನ್ ಮಾಡಿದರೆ ಆ ಕಡೆಯ ಹೆಂಗಸು ಕೇಳಿದ ಮೊದಲ ಪ್ರಶ್ನೆ: ಪೆಟ್ರೋಲ್ ಮುಳ್ಳು ಎಲ್ಲಿದೆ?

ಕಾಲು ಟ್ಯಾಂಕಿಗಿಂತ ಒಂದು ಕೂದಲು ಕೆಳಗಿತ್ತು.

ಜನರೇಟರ್ ಕೆಟ್ಟಿರಲಿಲ್ಲ. ಅದು ಎಂಜಿನ್ನಿನ ಟ್ಯಾಂಕಿನಿಂದಲೇ ಪೆಟ್ರೋಲ್ ಹೀರುತ್ತದೆ. ಆದರೆ ಅದರ ಹೀರುಕೊಳವೆಯನ್ನು ತಳದವರೆಗೆ ಇಳಿಸಿರುವುದಿಲ್ಲ, ಸುಮಾರು ಕಾಲು ಟ್ಯಾಂಕಿನ ಮಟ್ಟಕ್ಕೇ ನಿಲ್ಲಿಸಿರುತ್ತಾರೆ. ಅದಕ್ಕಿಂತ ಕೆಳಗಿನದು ಗಾಡಿ ಓಡಿಸಲಿಕ್ಕೆ ಮೀಸಲು. ಏಸಿ ಹಾಕಿ ಮಲಗಿದವರು ಬೆಳಿಗ್ಗೆ ಮರುಭೂಮಿಯಲ್ಲಿ ಅಲುಗಾಡದೆ ಉಳಿಯಬಾರದು ಅಂತ ಮಾಡಿರುವ ಏರ್ಪಾಡು. ಜಾಣತನದ ಕೆಲಸ. ನಮಗೆ ಯಾರಾದರೂ ಮೊದಲೇ ಹೇಳಿದ್ದರೆ ಇನ್ನೂ ಚೆನ್ನಾಗಿತ್ತು.

ಆ ಹೆಂಗಸನ್ನೇ ಕೇಳಿದೆವು, ಟ್ಯಾಂಕ್ ಒಟ್ಟು ಎಷ್ಟು ಹಿಡಿಯುತ್ತದೆ ಅಂತ. ‘ಗಾಡಿಯಿಂದ ಗಾಡಿಗೆ ಬೇರೆ, 40 ಇರಬಹುದು, 55 ಇರಬಹುದು’ ಅಂದರು.

ಮೊಆಬ್‌ನಲ್ಲೇ ಹಾಕಿಸಬಹುದಿತ್ತು. ಬಂಕ್‌ಗಳಲ್ಲಿ ರಷ್ ಜಾಸ್ತಿ. ಗ್ರೀನ್ ರಿವರ್ 50 ಮೈಲಿ ಅಷ್ಟೆ, ಅಲ್ಲೇ ಹಾಕಿಸೋಣ ಅಂದ ತಮ್ಮ. ಕಾಲು ಟ್ಯಾಂಕ್ ಅಂದರೆ 55ರ ಲೆಕ್ಕದಲ್ಲಿ ಹದಿಮೂರು ಮುಕ್ಕಾಲು ಗ್ಯಾಲನ್, 40ರ ಲೆಕ್ಕದಲ್ಲಿ ಹತ್ತು. ಈ ಗಾಡಿ ಗ್ಯಾಲನ್‌ಗೆ 8 ಮೈಲಿ ಕೊಟ್ಟರೆ ಪುಣ್ಯ. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ ಮೂರೂವರೆ ಕಿಲೋಮೀಟರ್ ಕೂಡ ಇಲ್ಲ. ಗ್ರೀನ್ ರಿವರ್ ಎರಡೂ ಲೆಕ್ಕದಲ್ಲಿ ಸಿಗುತ್ತಿತ್ತು. ಸಿಕ್ಕಿತು. ಆದರೆ ಅಲ್ಲಿ ತಲುಪುವ ಹೊತ್ತಿಗೆ ಮುಳ್ಳು ಖಾಲಿ (ಎಂಪ್ಟಿ) ಅಂತ ಸೂಚಿಸುವ ‘ಇ’ ಅಕ್ಷರದ ಮೈಗೆ ಮೈ ತಾಗಿಸಿತ್ತು.

ಒಂದು ಲೋಟ ಕಾಫಿ

ಬಂಕ್ ಒಳಗೆ ತಿರುಗುವಾಗ ಅಮ್ಮ ಎದ್ದು ನಿಂತರು. ‘ಹೇಗೂ ನಿಲ್ಲಿಸ್ತಿದೀರಲ್ಲ, ಒಂದು ಲೋಟ ಕಾಫಿ ಮಾಡ್ಬಿಡ್ಲಾ?’

ನನಗೆ ಈಗಲೂ ಅದನ್ನು ನೆನೆದರೆ ಬೆನ್ನು ತಣ್ಣಗಾಗುತ್ತದೆ. ಅಮ್ಮನದೇನು ತಪ್ಪು? ಒಳಗೆ ಕೂತವರಿಗೆ ಅದು ಮನೆ. ಅಡುಗೆಮನೆಯಲ್ಲಿ ನಿಂತವರಿಗೆ ಗೋಡೆಯ ಆಚೆ ಎರಡು ಅಡಿಯಲ್ಲಿ ಪೆಟ್ರೋಲ್ ಸುರಿಯುತ್ತಿದೆ ಅಂತ ಅನ್ನಿಸುವುದೇ ಇಲ್ಲ. ಕಾರಿಗೆ ಪೆಟ್ರೋಲ್ ಹಾಕಿಸುವಾಗ ಎಂಜಿನ್ ಆಫ್ ಮಾಡಿದರೆ ಮುಗಿಯಿತು. ಇಲ್ಲಿ ಬೆಂಕಿ ಇರುವ ಜಾಗ ನಾಲ್ಕು. ಒಲೆ ಒಂದು. ನೀರು ಕಾಯಿಸುವ ಗೀಸರ್ ಇನ್ನೊಂದು. ಜನರೇಟರ್ ಮೂರನೆಯದು. ಯಾರಿಗೂ ನೆನಪಾಗದ ನಾಲ್ಕನೆಯದು ಫ್ರಿಜ್. ನಮ್ಮ ಗಾಡಿಯ ಫ್ರಿಜ್ ಕರೆಂಟ್ ಇಲ್ಲದಾಗ ಗ್ಯಾಸ್ ಉರಿಸಿ ತಂಪು ಮಾಡುವಂಥದ್ದು. ಹಿಂಬದಿಯ ಜಾಲರಿ ಬಾಗಿಲಿನೊಳಗೆ ಪುಟ್ಟ ಜ್ವಾಲೆ ತಾನಾಗಿಯೇ ಹತ್ತುತ್ತದೆ, ಆರುತ್ತದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಎಲ್ಲಿಗೆ ಬೇಕಾದರೂ ಹೋಗುತ್ತದೆ.

ಆದ್ದರಿಂದ ಬಂಕ್‌ಗೆ ತಿರುಗುವ ಮೊದಲೇ ರಸ್ತೆ ಬದಿಯಲ್ಲಿ ನಿಲ್ಲಿಸಿ ಫ್ರಿಜ್, ಗೀಸರ್ ಆಫ್ ಮಾಡಿ, ಹೊರಗಿನ ಗ್ಯಾಸ್ ಟ್ಯಾಂಕಿನ ವಾಲ್ವನ್ನೇ ಮುಚ್ಚಬೇಕು. ನಾವು ಮುಚ್ಚಿದ್ದು ಬಂಕ್ ಬಾಗಿಲಲ್ಲಿ, ಅಮ್ಮನ ಕಾಫಿ ಮಾತಿನ ಪುಣ್ಯದಿಂದ. ಅರ್ಧ ಗಂಟೆ ಫ್ರಿಜ್ ಆರಿದರೆ ಹಾಲು ಕೆಡುವುದಿಲ್ಲ.

ಕಾಫಿಯನ್ನು ಮುಂದಕ್ಕೆ ಹಾಕಿದೆವು. ಅಮ್ಮನ ಮುಖ ಸ್ವಲ್ಪ ಸಣ್ಣದಾಯಿತು.

ಗಾಡಿ ನಿಲ್ಲಿಸುವುದೇ ಒಂದು ಕಸರತ್ತು. ಪೆಟ್ರೋಲ್ ಹಾಕುವ ಬಾಯಿ ಎಡಕ್ಕೆ, ಡ್ರೈವರ್ ಕಡೆಗಿತ್ತು. ನೇರ ಒಳಗೆ ಹೋಗಿ ನೇರ ಹೊರಗೆ ಬರುವ ಅಂಚಿನ ಪಂಪೇ ಬೇಕು. ಏಕೆಂದರೆ ಹಿಂದಿನ ಚಕ್ರದ ಆಚೆ ಇನ್ನೂ ಎಷ್ಟೋ ಅಡಿ ಗಾಡಿ ಬಾಲದ ಹಾಗೆ ಉಳಿದಿರುತ್ತದೆ. ಬಲಕ್ಕೆ ತಿರುಗಿಸಿದರೆ ಬಾಲ ಎಡಕ್ಕೆ ಬೀಸಿ ಪಂಪಿನ ಕಂಬಕ್ಕೆ ಬಡಿಯುತ್ತದೆ. ತಮ್ಮ ಓಡಿಸಿದ, ನಾನು ಇಳಿದು ಹಿಂದೆ ನಿಂತು ನಮ್ಮ ಬಸ್ ಕ್ಲೀನರ್ ಧಾಟಿಯಲ್ಲಿ ‘ಬರ್ಲಿ ಬರ್ಲಿ, ರೈಟ್’ ಅಂದೆ. ಪಕ್ಕದ ಪಂಪಿನ ಟೋಪಿ ಮನುಷ್ಯ ನಕ್ಕ.

85, 87, ಇ85

ಊರಲ್ಲಾದರೆ ಹುಡುಗ ಬಂದು ‘ಝೀರೋ ನೋಡಿ ಸಾರ್’ ಅನ್ನುತ್ತಾನೆ. ಇಲ್ಲಿ ನಾವೇ ಹಾಕಿಕೊಳ್ಳಬೇಕು. ಯೂಟಾದಂಥ ಎತ್ತರದ ಪ್ರದೇಶದ ಬಂಕ್‌ಗಳಲ್ಲಿ ‘ರೆಗ್ಯುಲರ್’ ಹೆಸರಲ್ಲಿ 85 ಆಕ್ಟೇನ್ ಪೆಟ್ರೋಲ್ ಮಾರುತ್ತಾರೆ (ಎಂಜಿನ್ ಬಡಿದುಕೊಳ್ಳದಂತೆ ತಡೆಯುವ ಪೆಟ್ರೋಲಿನ ಗುಣದ ಅಂಕವೇ ಆಕ್ಟೇನ್). ಅಗ್ಗ. ಹಳೆಯ ಕಾರ್ಬ್ಯುರೇಟರ್ ಎಂಜಿನ್‌ಗಳ ಕಾಲದಿಂದ ಬಂದ ಪದ್ಧತಿ ಅದು. ಫೋರ್ಡ್‌ನ ಕೈಪಿಡಿ ಕೇಳುವುದು ಕನಿಷ್ಠ 87. ಭಾರ ಹೊತ್ತು ಬಿಸಿಲಲ್ಲಿ ಘಾಟಿ ಹತ್ತುವ ಎಂಜಿನ್‌ಗೆ ನಾಲ್ಕು ಕಾಸು ಉಳಿಸಲು 85 ಹಾಕುವುದು ನನಗೆ ಸರಿ ಕಾಣಲಿಲ್ಲ. 87 ಗುಂಡಿ ಒತ್ತಿದೆವು. ‘ನಮ್ಮಲ್ಲಿ ಸಾದಾ ಪೆಟ್ರೋಲೇ 91 ಇರ್ತಿತ್ತಲ್ವಾ?’ ಅಂತ ಅಪ್ಪ ಕೇಳಿದರು. ಅಳೆಯುವ ರೀತಿ ಬೇರೆ. ನಮ್ಮ ಅಳತೆಯ 91, ಅವರ ಅಳತೆಯ 87, ಹೆಚ್ಚುಕಡಿಮೆ ಒಂದೇ.

ಇ85 ಅನ್ನುವುದು ಇನ್ನೊಂದೇ ಪ್ರಾಣಿ. ಅದು ಹೆಚ್ಚಾಗಿ ಎಥನಾಲ್, ಅದಕ್ಕೆಂದೇ ಮಾಡಿದ ಎಂಜಿನ್‌ಗೆ ಮಾತ್ರ. ನಳಿಕೆಯ ಹಿಡಿಯ ಬಣ್ಣವನ್ನೂ ನಂಬಬೇಡಿ. ಅಲ್ಲಿ ಹಸಿರು ಹಿಡಿ ಅಂದರೆ ಬಹುತೇಕ ಡೀಸೆಲ್, ಆದರೆ ಪೆಟ್ರೋಲಿಗೇ ಹಸಿರು ಹಾಕುವ ಬಂಕ್‌ಗಳೂ ಇವೆ. ಅಕ್ಷರ ಓದಿ.

ಇಷ್ಟೆಲ್ಲ ನೋಡಿ ಹಾಕಿದ ಮೇಲೆ ಆದದ್ದು ಮೊದಲೇ ಹೇಳಿದೆನಲ್ಲ. 100 ಡಾಲರ್‌ಗೆ ಪಂಪ್ ನಿಂತಿತು, ಮುಳ್ಳು ಅರ್ಧದಲ್ಲಿ.

ಎರಡು ಉತ್ತರ, ಒಂದು ಗಾಡಿ

ತಮ್ಮನ ವಾದ: ಪಂಪ್ ನಿಂತಿದೆ, ಅಂದರೆ ತುಂಬಿದೆ. ಮುಳ್ಳು ಕೆಟ್ಟಿದೆ. ನನ್ನ ವಾದ: ಸರಿಯಾಗಿ 100 ಡಾಲರ್‌ಗೇ ಯಾವ ಟ್ಯಾಂಕ್ ತುಂಬುತ್ತದೆ?

ಅಂಗಡಿಯೊಳಗಿನ ಹುಡುಗಿ ಅರ್ಧ ನಿಮಿಷದಲ್ಲಿ ಬಿಡಿಸಿದಳು. ಕಾರ್ಡ್ ಉಜ್ಜಿದಾಗ ಬಂಕ್ ಮತ್ತು ಬ್ಯಾಂಕ್ ನಡುವೆ ಮೊದಲೇ ಒಂದು ಮಿತಿ ಗೊತ್ತಾಗಿರುತ್ತದೆ. ಆ ಪಂಪಿನಲ್ಲಿ ಅದು 100. ಅಷ್ಟಾದ ತಕ್ಷಣ ಪಂಪ್ ನಿಲ್ಲುತ್ತದೆ, ಟ್ಯಾಂಕಿನ ಸ್ಥಿತಿ ಏನೇ ಇರಲಿ. ಕಾರಿನವರಿಗೆ ಇದು ಗೊತ್ತೇ ಆಗುವುದಿಲ್ಲ, ಅವರ ಟ್ಯಾಂಕ್ ಅಲ್ಲಿಯವರೆಗೆ ಹೋಗುವುದಿಲ್ಲ. ಇನ್ನೊಮ್ಮೆ ಉಜ್ಜಿದರೆ ಮುಂದುವರಿಯುತ್ತದೆ. ಮೊದಲು ನನ್ನ ಇಂಡಿಯಾದ ಕಾರ್ಡ್ ಹಾಕಲು ಹೋಗಿ ಪಂಪ್ ಜಿಪ್ ಕೋಡ್ (ಅಲ್ಲಿನ ಪಿನ್‌ಕೋಡ್) ಕೇಳಿ ಬೇಡ ಅಂದಿತ್ತು, ಆ ಕತೆ ಬಿಡಿ. ಅಂಥವರು ಒಳಗೆ ಹೋಗಿ ಮುಂಗಡ ಕೊಡುವುದೇ ಸುಲಭ.

ಪಂಪಿನ ಮಾತು ಬಿದ್ದುಹೋಯಿತು. ಹಾಗಾದರೆ ಟ್ಯಾಂಕ್ 40ರದ್ದೋ, 55ರದ್ದೋ?

ಅಪ್ಪನ ಸಲಹೆ ಸರಳ. ಇಪ್ಪತ್ತೈದು ವರ್ಷ ಟ್ರಾಕ್ಟರ್ ಇಟ್ಟುಕೊಂಡವರು. ‘ಒಂದು ಕಡ್ಡಿ ಇಳಿಬಿಟ್ಟು ನೋಡ್ರೋ.’ ಟ್ರಾಕ್ಟರಿನ ಡೀಸೆಲ್ ಟ್ಯಾಂಕ್ ಎದುರಿಗೇ ಇರುತ್ತದೆ, ಬಾಯಿ ಅಗಲ, ನೇರ. ಇಲ್ಲಿ ಬಾಯಿಂದ ಟ್ಯಾಂಕಿಗೆ ಸೊಟ್ಟ ಕೊಳವೆ. ಕಡ್ಡಿ ಹೋಗುವುದಿಲ್ಲ, ಹೋದರೆ ವಾಪಸ್ ಬರುವುದಿಲ್ಲ. ಮೇಲಾಗಿ ಇದು ಡೀಸೆಲ್ ಅಲ್ಲ, ಪೆಟ್ರೋಲ್.

ನಾವು ನೋಡಿದ ಮೊದಲ ಜಾಗ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕರ್. ಒಟ್ಟು ಭಾರದ ಮಿತಿ 14,500 ಪೌಂಡ್, ಟೈರ್ ಗಾಳಿ ಎಲ್ಲ ಇತ್ತು. ಟ್ಯಾಂಕ್ ಇಲ್ಲ. ಗಾಡಿಯ ಗುರುತಿನ 17 ಅಕ್ಷರದ ವಿನ್ ನಂಬರ್‌ನಲ್ಲಿ ಹತ್ತನೆಯ ಅಕ್ಷರ ಮಾಡೆಲ್ ವರ್ಷ ಹೇಳುತ್ತದೆ, ಟ್ಯಾಂಕ್ ಅಳತೆ ಅದರಲ್ಲೂ ಇರುವುದಿಲ್ಲ. ಆದರೆ ಆ ನಂಬರ್ ಕೊಟ್ಟರೆ ಷಾಸಿ ಕಂಪನಿಯ ಡೀಲರ್ ಗಾಡಿ ಯಾವ ಯಾವ ಭಾಗಗಳೊಂದಿಗೆ ಹೊರಬಿತ್ತು ಅನ್ನುವ ಪಟ್ಟಿ ತೆಗೆಯಬಲ್ಲ. ಅವತ್ತು ಭಾನುವಾರ. ಡೀಲರ್ ಬಾಗಿಲು ಮುಚ್ಚಿತ್ತು.

ಗ್ಲೋವ್ ಬಾಕ್ಸ್‌ನಲ್ಲಿ ಎರಡು ಪುಸ್ತಕ. ದಪ್ಪನೆಯದು ಮನೆ ಕಟ್ಟಿದವರದು, ಅದನ್ನೇ ಎಲ್ಲರೂ ಮೊದಲು ತೆರೆಯುವುದು. ಅದರಲ್ಲಿ ಸಿಗಲಿಲ್ಲ. ಫೋರ್ಡ್‌ನ ಕೈಪಿಡಿ ಅಡಿಯಲ್ಲಿ, ಕವರ್ ಕೂಡ ಬಿಚ್ಚದೆ ಕೂತಿತ್ತು. ಅದರ ಕೊನೆಯ ಭಾಗದಲ್ಲಿ ಎಣ್ಣೆ, ಕೂಲೆಂಟ್, ಪೆಟ್ರೋಲ್ ಎಲ್ಲದರ ಅಳತೆ ಕೊಟ್ಟಿರುತ್ತಾರೆ. ಅಲ್ಲೂ ಎರಡು ಸಂಖ್ಯೆ. ಷಾಸಿಯ ನಡುವೆ ಟ್ಯಾಂಕ್ ಇದ್ದರೆ 40 ಗ್ಯಾಲನ್. ಹಿಂದಿನ ಆಕ್ಸಲ್‌ನ ಆಚೆ ಇದ್ದರೆ 55.

ಇನ್ನೇನು ಬೇಕು? ತಮ್ಮ ಮೊಣಕಾಲೂರಿ ಗಾಡಿಯ ಅಡಿಗೆ ಇಣುಕಿದ. ಹಿಂದಿನ ಚಕ್ರಗಳ ಆಚೆ, ಎರಡು ಕಬ್ಬಿಣದ ಪಟ್ಟಿಗಳ ನಡುವೆ ದೊಡ್ಡ ಕಪ್ಪು ಡೊಳ್ಳು ನೇತಾಡುತ್ತಿತ್ತು. 55.

‘ಐವತ್ತೈದು ನಾಲ್ಕೂವರೆಲೆ ಇನ್ನೂರೈವತ್ತು ಲೀಟರ್!’ ಅಂದರು ಅಪ್ಪ. ಅವರು ಕಲಿತದ್ದು ಬ್ರಿಟಿಷರ ಗ್ಯಾಲನ್, 4.546 ಲೀಟರ್‌ನದು. ಅಮೆರಿಕದ ಗ್ಯಾಲನ್ ಸಣ್ಣದು, 3.785. ಗುಣಿಸಿದರೆ 208 ಲೀಟರ್. ಹತ್ತಿರ ಹತ್ತಿರ 42 ಲೀಟರ್ ವ್ಯತ್ಯಾಸ, ಬರೀ ಗ್ಯಾಲನ್ ಅನ್ನುವ ಪದದಿಂದ. 208 ಎಷ್ಟು ಅಂತ ಕಣ್ಣಿಗೆ ಕಟ್ಟಿಸಿಕೊಳ್ಳಬೇಕಾದರೆ ನಮ್ಮ ಹಿತ್ತಿಲಲ್ಲಿ ನೀರು ತುಂಬಿಡುವ ಟಾರು ಡ್ರಮ್ ನೆನೆಸಿಕೊಳ್ಳಿ. ಆ ಡ್ರಮ್ಮಿನ ಅಳತೆಯೂ ಮೂಲದಲ್ಲಿ 55 ಅಮೆರಿಕನ್ ಗ್ಯಾಲನ್ನೇ. ಅಂಥದ್ದೊಂದು ಡ್ರಮ್ ಪೆಟ್ರೋಲ್, ತೂಕದಲ್ಲಿ 150 ಕಿಲೋಗೂ ಜಾಸ್ತಿ, ಅಮ್ಮ ಮಲಗುವ ಮಂಚದ ಅಡಿಯಲ್ಲಿ.

ಕಟ್ ಆಗುವ ನಳಿಕೆ

ಎರಡನೇ ಸಲ ಕಾರ್ಡ್ ಉಜ್ಜಿದೆವು. ಮೂರು ಗ್ಯಾಲನ್‌ಗೇ ‘ಟಕ್’. ಮತ್ತೆ ಒತ್ತಿದರೆ ಮತ್ತೆ ‘ಟಕ್’.

ಇದು ಡಾಲರ್ ಮಿತಿಯಲ್ಲ, ನಳಿಕೆಯದೇ ಆಟ. ನಳಿಕೆಯ ತುದಿಯಲ್ಲಿ ಒಂದು ಪುಟ್ಟ ತೂತು ಇರುತ್ತದೆ. ಪೆಟ್ರೋಲ್ ಹರಿಯುವಾಗ ಆ ತೂತಿನಿಂದ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಪೆಟ್ರೋಲ್ ಮೇಲೆ ಬಂದು ತೂತು ಮುಚ್ಚಿದರೆ ಒಳಗೆ ಎಳೆತ ಜಾಸ್ತಿಯಾಗಿ ಕೊಂಡಿ ಕಳಚಿ ಹರಿವು ನಿಲ್ಲುತ್ತದೆ. ನಳಿಕೆಗೆ ಟ್ಯಾಂಕ್ ತುಂಬಿದೆಯೋ ಇಲ್ಲವೋ ಗೊತ್ತಿಲ್ಲ. ತನ್ನ ತುದಿ ಮುಳುಗಿತೋ ಇಲ್ಲವೋ ಅಷ್ಟೇ ಗೊತ್ತು. ಮೋಟಾರ್‌ಹೋಮ್‌ನಲ್ಲಿ ಬಾಯಿ ಮನೆಯ ಗೋಡೆಯಲ್ಲಿ, ಟ್ಯಾಂಕ್ ದೂರದಲ್ಲಿ. ನಡುವಿನ ಕೊಳವೆ ಉದ್ದ, ಇಳಿಜಾರು ಕಮ್ಮಿ. ರಭಸದಲ್ಲಿ ಬಿಟ್ಟರೆ ಪೆಟ್ರೋಲ್ ಅಲ್ಲೇ ಕಟ್ಟಿಕೊಂಡು ವಾಪಸ್ ಉಕ್ಕುತ್ತದೆ.

ಟೋಪಿ ಮನುಷ್ಯ ಇಷ್ಟು ಹೊತ್ತು ನಮ್ಮನ್ನು ನೋಡುತ್ತಿದ್ದವನು ಹತ್ತಿರ ಬಂದ. ಅವನ ಹತ್ತಿರವೂ ಇಂಥದ್ದೇ ಗಾಡಿ ಇದೆಯಂತೆ. ನಳಿಕೆಯನ್ನು ಅರ್ಧ ಸುತ್ತು ತಿರುಗಿಸಿ, ಒಂದಿಷ್ಟು ಹೊರಗೆಳೆದು, ಅತಿ ನಿಧಾನದ ಹಂತದಲ್ಲಿ ಹಿಡಿ ಅಂದ. ಹಾಗೇ ಮಾಡಿದೆವು. ಹತ್ತು ನಿಮಿಷ ಹಿಡಿಯಿತು, ಟಕ್ ಅನ್ನಲಿಲ್ಲ.

ಆ ಹತ್ತು ನಿಮಿಷದಲ್ಲಿ ತಮ್ಮನ ಮಗ ಎರಡು ಸಲ ಒಳಗೆ ಹತ್ತಿ ಇಳಿಯಲು ನೋಡಿದ. ಅವನನ್ನು ಗದರಬೇಕಾಯಿತು. ಒಣ ಹವೆ, ಸೀಟಿನ ಬಟ್ಟೆ, ಮೈಗೆ ಉಜ್ಜಿದರೆ ಸಾಕು ಸ್ಥಾಯಿ ವಿದ್ಯುತ್ ಸೇರಿಕೊಳ್ಳುತ್ತದೆ. ಅಮೆರಿಕದ ಪೆಟ್ರೋಲಿಯಂ ಇಕ್ವಿಪ್‌ಮೆಂಟ್ ಇನ್‌ಸ್ಟಿಟ್ಯೂಟ್ ಬಂಕ್ ಬೆಂಕಿಗಳ ವರದಿ ಕೂಡಿಹಾಕಿದಾಗ ಪದೇ ಪದೇ ಕಂಡದ್ದು ಇದೇ: ನಳಿಕೆ ಸಿಕ್ಕಿಸಿ ಸೀಟಿಗೆ ಹೋಗಿ ಕೂತು, ಮತ್ತೆ ಬಂದು ನಳಿಕೆ ಮುಟ್ಟಿದವರು. ಒಳಗಿದ್ದವರು ಒಳಗೇ, ಹೊರಗಿದ್ದವರು ಹೊರಗೇ ಇರಲಿ. ಹೋಗಲೇಬೇಕಾದರೆ, ವಾಪಸ್ ಬಂದವರು ನಳಿಕೆಯಿಂದ ದೂರದಲ್ಲಿ ಬರಿಯ ಲೋಹ ಮುಟ್ಟಿ ಆಮೇಲೆ ಮುಂದಿನ ಕೆಲಸ.

22.8 ಗ್ಯಾಲನ್‌ಗೆ ಕೊನೆಯ ‘ಟಕ್’. ಈ ಸಲ ಮುಳ್ಳು ತುದಿಯಲ್ಲಿತ್ತು. ಬಿಲ್ 93 ಡಾಲರ್ ಚಿಲ್ಲರೆ. ತಮ್ಮನ ಕೈ ಮತ್ತೆ ಹಿಡಿಯ ಮೇಲೆ ಹೋಯಿತು. ಊರಿನ ಬಂಕ್ ಹುಡುಗರ ‘ರೌಂಡ್ ಫಿಗರ್ ಮಾಡ್ಲಾ ಸಾರ್?’ ಚಟ, ಸಾಗರ ದಾಟಿದರೂ ಹೋಗಿಲ್ಲ. ಬೇಡ ಅಂದೆ. ನೆಲದಡಿಯ ಟ್ಯಾಂಕಿನಿಂದ ಬರುವ ಪೆಟ್ರೋಲ್ ತಣ್ಣಗಿರುತ್ತದೆ. 208 ಲೀಟರ್ 20 ಡಿಗ್ರಿ ಬಿಸಿಯಾದರೆ ಸುಮಾರು 4 ಲೀಟರ್ ಉಬ್ಬುತ್ತದೆ. ಆ ನಾಲ್ಕು ಲೀಟರ್‌ಗೆ ಜಾಗ ಬೇಕಲ್ಲ? ಜಾಗ ಇಲ್ಲದಿದ್ದರೆ ಅದು ಆವಿ ಹಿಡಿಯುವ ಇದ್ದಿಲ ಡಬ್ಬಿಗೆ ನುಗ್ಗುತ್ತದೆ. ಆವಿಗೆಂದು ಮಾಡಿದ ಡಬ್ಬಿ ಪೆಟ್ರೋಲ್ ಕುಡಿದರೆ ಹಾಳು, ಬಾಡಿಗೆ ಗಾಡಿಯಾದರೆ ರಿಪೇರಿ ನಮ್ಮ ತಲೆಗೆ.

ಎರಡೂ ಸಲ ಸೇರಿ 47.2 ಗ್ಯಾಲನ್ ಹೋಗಿತ್ತು. 40ರ ಟ್ಯಾಂಕಿಗೆ 47 ಹೋಗುವುದಿಲ್ಲ. ಪುಸ್ತಕ ಹೇಳಿದ್ದನ್ನು ಗಾಡಿಯೇ ಒಪ್ಪಿಕೊಂಡಿತು.

ಹಿಂದಕ್ಕೂ ಲೆಕ್ಕ ಹಾಕಿ ನೋಡಿದೆ. ತುಂಬಿದ 55ರಲ್ಲಿ ಸಾಲ್ಟ್ ಲೇಕ್‌ನಿಂದ ಮೊಆಬ್‌ಗೆ ಸುಮಾರು 235 ಮೈಲಿ, 28 ಗ್ಯಾಲನ್ ಅನ್ನಿ. ಅಲ್ಲಿನ ಸುತ್ತಾಟಕ್ಕೆ ಐದು. ಎರಡು ರಾತ್ರಿಯ ಜನರೇಟರ್‌ಗೆ ಗಂಟೆಗೆ ಅರ್ಧ ಗ್ಯಾಲನ್ ಮೇಲೆ, ಒಟ್ಟು ಎಂಟು. ಉಳಿಯುವುದು ಹದಿನಾಲ್ಕು, ಅಂದರೆ ಕಾಲು ಟ್ಯಾಂಕ್. ಜನರೇಟರ್ ಕೆಮ್ಮಿ ನಿಂತದ್ದು ಸರಿಯಾಗಿ ಅಲ್ಲೇ. ಮೊಆಬ್‌ನಿಂದ ಗ್ರೀನ್ ರಿವರ್‌ಗೆ ಆರೂವರೆ ತೆಗೆದರೆ ಬಂಕ್‌ಗೆ ಬಂದಾಗ ಉಳಿದಿದ್ದದ್ದು ಏಳು, ಏಳೂವರೆ. ಗ್ರೀನ್ ರಿವರ್‌ನಲ್ಲಿ ಹಾಕಿಸೋಣ ಅನ್ನುವ ಮೊದಲು ತಮ್ಮ ಬೆಳಿಗ್ಗೆ ಇನ್ನೊಂದು ಮಾತು ಹೇಳಿದ್ದ: ‘ಇ ಬಂದ್ಮೇಲೂ ಸುಮಾರು ದೂರ ಹೋಗುತ್ತೆ ಬಿಡು, ಸಲೈನಾದಲ್ಲೇ ಹಾಕಿಸಿದ್ರಾಯ್ತು.’ ಹೋಗಿದ್ದರೆ 50 ಚಿಲ್ಲರೆ ಮೈಲಿಗೆ, ಸ್ಯಾನ್ ರಫಾಯೆಲ್ ಸ್ವೆಲ್‌ನ ಕೆಂಬಂಡೆಗಳ ನಡುವೆ, 110ರ ಅರ್ಧದಲ್ಲಿ ನಿಲ್ಲುತ್ತಿದ್ದೆವು. ಅದೂ ಸಮತಟ್ಟಾದ ದಾರಿಯ ಲೆಕ್ಕ. ಆ ದಾರಿ ಗ್ರೀನ್ ರಿವರ್‌ನ 4,000 ಅಡಿಯಿಂದ 7,000 ಅಡಿಗೂ ಮೇಲಕ್ಕೆ ಹತ್ತುತ್ತದೆ.

ಇನ್ನೊಂದು ಸಣ್ಣ ಸಂಗತಿ. ಪೆಟ್ರೋಲ್ ಬಾಯಿಯಿಂದ ಕೆಲವೇ ಅಡಿ ದೂರದಲ್ಲಿ ಅಂಥದ್ದೇ ಇನ್ನೊಂದು ಮುಚ್ಚಳ ಇತ್ತು, ಕುಡಿಯುವ ನೀರಿನದು. ಹಿಂದಿನ ದಿನ ತಮ್ಮನ ಮಗ ನೀರಿನ ಪೈಪ್ ಹಿಡಿದು ಯಾವುದು ಅಂತ ಕೇಳಿದ್ದ. ಕೇಳಿದ್ದು ಒಳ್ಳೆಯದಾಯಿತು.

ಹೊರಡುವ ಮುಂಚೆ ಅಪ್ಪ ಅಮ್ಮನ ಔಷಧಿ ಡಬ್ಬದಿಂದ ಬ್ಯಾಂಡೇಜ್ ಪಟ್ಟಿ ಹರಿದು, ಅದರ ಮೇಲೆ ಪೆನ್ನಿನಲ್ಲಿ ಬರೆದು ಸ್ಟೀರಿಂಗ್ ಪಕ್ಕ ಅಂಟಿಸಿದರು. ದುಂಡನೆಯ ಅಕ್ಷರ, ಕನ್ನಡ ಅಂಕಿ: ‘ಪೆಟ್ರೋಲ್ ೫೫. ಬಾಯಿ ಎಡಕ್ಕೆ. ೮೭ ಹಾಕಿ. ಮೊದಲು ಗ್ಯಾಸ್ ಬಂದ್.’

ದಾರಿಯಲ್ಲಿ ಘೋಸ್ಟ್ ರಾಕ್ಸ್ ಅನ್ನುವ ತಂಗುದಾಣದಲ್ಲಿ ನಿಲ್ಲಿಸಿ ಗ್ಯಾಸ್ ವಾಲ್ವ್ ತೆರೆದೆವು. ಅಮ್ಮ ಕಾಫಿ ಮಾಡಿದರು. ಜನರೇಟರ್ ಗುಂಡಿ ಒತ್ತಿದರೆ ಮೊದಲ ಸಲಕ್ಕೇ ಹತ್ತಿಕೊಂಡಿತು.

ವಾರದ ನಂತರ ಗಾಡಿ ಹಿಂದಿರುಗಿಸಿದಾಗ ಆ ಪಟ್ಟಿ ಕೀಳಲು ಮರೆತೆವು. ಈಗ ಯಾವ ಊರಿನ ಯಾರು ಅದನ್ನು ಓಡಿಸುತ್ತಿದ್ದಾರೋ, ಏನಂತ ಓದಿಕೊಳ್ಳುತ್ತಿದ್ದಾರೋ.